ಮರಿಯನ್ನು ಹಿಡಿದುಕೊಳ್ಳುವವರು

"ಯಾರು ಹಿಡ್ಕೋತೀರಿ?"

ಸಿರಿಂಜಿಗೆ ಔಷಧ ಎಳೆದುಕೊಳ್ಳುತ್ತ ನಾಯಿ ಡಾಕ್ಟರು ಕೇಳಿದರು. ಅತ್ತೆ ಗೋಡೆ ನೋಡಿದರು. ಸೊಸೆ ಅತ್ತೆಯನ್ನು ನೋಡಿದಳು. ಮೇಜಿನ ಮೇಲಿದ್ದ ನಾಯಿಮರಿ ಇಬ್ಬರನ್ನೂ ನೋಡಿ ಬಾಲ ಅಲ್ಲಾಡಿಸಿತು.

"ನಿಮ್ಮ ಕೈ ಮೆತ್ತಗಿದೆ ಅತ್ತೆ, ನೀವೇ ಹಿಡ್ಕೊಳ್ಳಿ."

"ಅಯ್ಯೋ, ನನ್ನ ಕೈ ನಡುಗುತ್ತೆ ಕಣಮ್ಮ."

"ನಿನ್ನೆ ಸೂಜಿಗೆ ದಾರ ಪೋಣಿಸುವಾಗ ನಡುಗಲಿಲ್ಲ."

ಲಸಿಕೆಯ ವಿಷಯ ಮನೆಯಲ್ಲಿ ಬಹಳ ದಿನದಿಂದ ಹೀಗೇ ಎಳೆದಾಡುತ್ತಿತ್ತು. ಇನ್ನೂ ಹಸುಗೂಸು, ಸ್ವಲ್ಪ ಮೈ ಹಿಡೀಲಿ ಎಂದು ಅತ್ತೆ. ನನಗೆ ರಜ ಸಿಗಲಿ ಎಂದು ಸೊಸೆ. ನಿಜವಾದ ಕಾರಣ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಚುಚ್ಚುವಾಗ ಹಿಡಿದುಕೊಂಡವರ ಮೇಲೆ ಮರಿಗೆ ಮುನಿಸು ಖಂಡಿತ; ಆಮೇಲೆ ಅದು ಮಲಗುವುದು ಇನ್ನೊಬ್ಬರ ಕೋಣೆಯಲ್ಲೇ. ಮರಿಯನ್ನು ತಂದ ಮಗರಾಯನೋ, "ನೀವಿಬ್ಬರೇ ತೀರ್ಮಾನ ಮಾಡಿ" ಎಂದು ಕೈತೊಳೆದುಕೊಂಡು ಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

"ಇನ್ನೂ ಮೀನಮೇಷ ಎಣಿಸಬೇಡಿ," ಡಾಕ್ಟರು ರೇಗಿದರು. "ಪಕ್ಕದ ಬೀದೀಲಿ ವಾಂತಿಭೇದಿ ಆಗಿ ಎರಡು ಮರಿ ಹೋದವು. ರೋಗ ಬಂದಮೇಲೆ ಈ ಸೂಜಿ ಉಪಯೋಗಕ್ಕೆ ಬರಲ್ಲ."

ಅತ್ತೆಯೇನೂ ಸಿದ್ಧತೆಯಿಲ್ಲದೆ ಬಂದವರಲ್ಲ. ನಾಯಿ ಮುಖ ನೋಡಿ ನೆನಪಿಡುವುದಿಲ್ಲ, ವಾಸನೆಯಿಂದ ನೆನಪಿಡುತ್ತದೆ ಎಂಬುದು ಅವರ ಲೆಕ್ಕಾಚಾರ. "ಆಯ್ತು, ನಾನೇ ಹಿಡ್ಕೋತೀನಿ. ಇಲ್ಲಿ ಯಾಕೋ ಚಳಿ" ಎನ್ನುತ್ತ ಚೀಲದಿಂದ ಸ್ವೆಟರ್ ತೆಗೆದು ತೊಟ್ಟರು. ಸೊಸೆಯ ಸ್ವೆಟರ್. ಒಗೆಯಲು ಹಾಕಿದ್ದ ಬಟ್ಟೆಗಳಿಂದ ಆರಿಸಿ ತಂದದ್ದು.

ಸೊಸೆ ಒಂದು ಗಳಿಗೆ ಆ ಸ್ವೆಟರನ್ನೇ ನೋಡಿದಳು. ಆಮೇಲೆ ತನ್ನ ಬ್ಯಾಗಿನ ಜಿಪ್ ಎಳೆದು, ಅತ್ತೆಯ ಹಳೇ ಶಾಲು ತೆಗೆದು ಹೊದ್ದುಕೊಂಡಳು. ಬೆಳಗಿನಿಂದ ಅತ್ತೆ ಮನೆಯೆಲ್ಲ ತಡಕಾಡಿದ್ದು ಆ ಶಾಲಿಗೇ.

ಅವರು ಚಾಪೆ ಕೆಳಗೆ ತೂರಿದ್ದರೆ, ಇವಳು ರಂಗೋಲಿ ಕೆಳಗೆ ತೂರಿದ್ದಳು.

ಫ್ಯಾನೂ ತಿರುಗದ ಆ ಕೋಣೆಯಲ್ಲಿ ಡಾಕ್ಟರು ಹಣೆಯ ಬೆವರು ಒರೆಸಿಕೊಂಡರು. "ಇಬ್ಬರಿಗೂ ಜ್ವರವೇನ್ರೀ?"

ಕೊನೆಗೆ ನಾಲ್ಕು ಕೈಗಳು ಒಟ್ಟಿಗೇ ಮರಿಯನ್ನು ಹಿಡಿದವು. ಸೂಜಿ ಹೋಗಿ ಬಂತು. ಕುಂಯ್ ಎಂದ ಮರಿ ಸ್ವೆಟರ್ ಮೂಸಿತು, ಶಾಲು ಮೂಸಿತು, ಯಾರನ್ನು ದೂರಬೇಕೆಂದು ತಿಳಿಯದೆ ಡಾಕ್ಟರ ಹೆಬ್ಬೆರಳು ನೆಕ್ಕಿತು.

"ಒಂದು ತಿಂಗಳು ಬಿಟ್ಟು ಇನ್ನೊಂದು ಡೋಸ್," ಎಂದರು ಡಾಕ್ಟರು. "ಯಾರು ಹಿಡ್ಕೊಳ್ಳೋದು ಅಂತ ಮನೇಲೇ ಮಾತಾಡ್ಕೊಂಡು ಬನ್ನಿ."

ಮರಿಯನ್ನೆತ್ತಿಕೊಂಡು ಮೆಟ್ಟಿಲಿಳಿಯುವಾಗ ಅತ್ತೆ ಸೊಸೆಯ ಕಡೆ ತಿರುಗಿದರು.

"ಮುಂದಿನ ಡೋಸಿನ ಹೊತ್ತಿಗೆ ನಿನ್ನ ಗಂಡನ ಅಂಗಿ ಒಂದನ್ನ ಒಗೀದೆ ಇಟ್ಟಿರು."

"ಎರಡಿಟ್ಟಿರ್ತೀನಿ ಅತ್ತೆ," ಎಂದಳು ಸೊಸೆ. "ನಿಮಗೊಂದು, ನನಗೊಂದು."