ಹೊಗೆ ನಿಂತ ಎಂಜಿನ್

ಎಂಜಿನ್ ಶುರುವಾದ ಸ್ವಲ್ಪ ಹೊತ್ತಿಗೆ ಕರಿಹೊಗೆ ತೆಳುವಾಗುತ್ತ ಬಂದು, ಕಡೆಗೆ ಕಾಣದಂತಾಯಿತು. ನಾನು ಶಹಬ್ಬಾಸಿಗಾಗಿ ಅಪ್ಪನ ಕಡೆ ನೋಡಿದೆ. ಅಪ್ಪ ಗಾಬರಿಯಿಂದ ಹೊಗೆಕೊಳವೆ ನೋಡುತ್ತಿದ್ದ.

"ಕೆಡಿಸಿದೇನಲೇ ಭೀಮೇಶ?"

ತುರ್ವಿಹಾಳದ ನಮ್ಮ ಗದ್ದೆ ಕಾಲುವೆಗಿಂತ ಎತ್ತರದಲ್ಲಿದೆ. ನೀರನ್ನು ಡೀಸೆಲ್ ಎಂಜಿನ್ನಿನಿಂದಲೇ ಎತ್ತಬೇಕು. ಅಪ್ಪ ಉಳಿತಾಯಕ್ಕೆಂದು ಡೀಸೆಲ್ಲಿಗೆ ಹೊಂಗೆ ಎಣ್ಣೆ ಬೆರೆಸುತ್ತಿದ್ದ. ಆ ಮಂದ ಎಣ್ಣೆ ಪೂರ್ತಿ ಉರಿಯದೆ ಹೊಗೆಯಾಗಿ ಅಪ್ಪನ ಎದೆ ಸೇರುತ್ತಿತ್ತು. ಹೊಗೆಯಿಂದ ದೂರವಿರಬೇಕೆಂದು ಸಿಂಧನೂರಿನ ಡಾಕ್ಟರು ಹೇಳಿದಾಗ ಅವನು ಬೀಡಿ ಬಿಟ್ಟ, ಎಂಜಿನ್ ಬಿಡಲಿಲ್ಲ. ನಾನೋ, ಲಿಂಗಸುಗೂರಿನ ಪಾಲಿಟೆಕ್ನಿಕ್ಕಿನಲ್ಲಿ ಎಂಜಿನ್ ಪಾಠ ಹೇಳುವವನು, ಹೊಗೆ ತಗ್ಗಿಸುವುದರ ಮೇಲೆಯೇ ಡಾಕ್ಟರೇಟ್ ಪಡೆದವನು. ಅಲ್ಲಿಯತನಕ ನನ್ನಿಂದ ಹೊಗೆ ತಗ್ಗಿದ್ದು ಕಾಗದದ ಮೇಲೆ ಮಾತ್ರ.

ಆ ಭಾನುವಾರ ತಾಮ್ರದ ನಳಿಕೆಯನ್ನು ಬಿಸಿ ಹೊಗೆಕೊಳವೆಗೆ ಸುತ್ತಿ, ಎಣ್ಣೆ ಅದರೊಳಗಿಂದ ಹಾದುಹೋಗುವಂತೆ ಮಾಡಿದ್ದೆ. ಕಾದ ಎಣ್ಣೆ ತೆಳುವಾಗಿ ಚೆನ್ನಾಗಿ ಉರಿಯುತ್ತದೆಂದು ಅಪ್ಪನಿಗೆ ವಿವರಿಸಿದೆ. ಅವನು ನನ್ನ ಕೊನೆಯ ಬೆಂಚಿನ ಹುಡುಗರಂತೆ ತಲೆಯಾಡಿಸಿದ. ಆದರೆ ಕೆಮ್ಮಲಿಲ್ಲ. ಕೊಳವೆಯ ಪಕ್ಕದಲ್ಲೇ ಕೂತು ಉದ್ದಕ್ಕೆ ಉಸಿರೆಳೆದುಕೊಂಡ. ನನ್ನ ಎದೆ ಉಬ್ಬಿತು. ಮನಸ್ಸಿನಲ್ಲೇ ನನಗೆ ನಾನೇ ಹಾರ ಹಾಕಿ, ಶಾಲು ಹೊದಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಬದುವಿನ ಮೇಲೆ ಅವ್ವ ಓಡಿ ಬರುವುದು ಕಂಡಿತು. ಕಾಲಲ್ಲಿ ಚಪ್ಪಲಿಯಿಲ್ಲ, ಕೈತುಂಬ ಜೋಳದ ಹಿಟ್ಟು.

"ಎಲ್ಲದಾನಲೇ ನಿಮ್ಮಪ್ಪ?"

ಎಂಜಿನ್ನಿನ ಮರೆಯಿಂದ ಅಪ್ಪ ಎದ್ದು ನಿಂತ. ಅವ್ವ ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು. ದಿನಾ ಮಾಳಿಗೆಯಿಂದ ಹೊಗೆ ನೋಡಿಯೇ ಅವಳು ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಿದ್ದಳಂತೆ. ಅಂದು ಎದ್ದ ಹೊಗೆ ಸ್ವಲ್ಪ ಹೊತ್ತಿಗೇ ನಿಂತಿತ್ತು. ಫೋನ್ ಮಾಡಿದರೆ, ಎಂಜಿನ್ನಿನ ಸದ್ದಿನಲ್ಲಿ ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ.

"ಹೊಗಿ ಬರಲಿಲ್ಲಂದ್ರ ಎಣ್ಣಿ ಪೂರ್ತಿ ಉರಿಯಾಕತ್ತೈತಿ ಅಂತ ಅರ್ಥ, ಅವ್ವ," ಎಂದು ನಾನು ಪಾಠ ಶುರುಮಾಡಿದೆ.

"ಉರಿಯಲಿ ಬಿಡು. ನಿಮ್ಮಪ್ಪ ಅದಾನಂತ ನನಗ ಹೆಂಗ ಗೊತ್ತಾಗಬೇಕು?"

ಒಂದೀಟು ಹೊಗೆ ಬರುವಂತೆ ಮಾಡಲಾದೀತೇ ಎಂದು ಅಪ್ಪ ನನ್ನ ಕಿವಿಯಲ್ಲಿ ಕೇಳಿದ. ಆಗುವುದಿಲ್ಲ ಎಂದೆ.

ಸಂಜೆ ಅವ್ವನ ಹಳೆಯ ಕೆಂಪು ಸೀರೆಯ ತುಂಡನ್ನು ಬಿದಿರಿನ ಗಳದ ತುದಿಗೆ ಕಟ್ಟಿ, ಎಂಜಿನ್ನಿನ ಪಕ್ಕ ಹಿಡಿದು ನಿಂತೆ. ದೂರದ ಮಾಳಿಗೆಯ ಮೇಲಿಂದ ಅವ್ವ ಕೈ ಬೀಸುತ್ತಿದ್ದಳು.

"ಇನ್ನೊಂದೀಟು ಮ್ಯಾಲೆತ್ತು ಅನ್ನಾಕತ್ತಾಳ," ಎಂದ ಅಪ್ಪ. ಎತ್ತಿದೆ.