ಒಂದೇ ತೊಟ್ಟಿಯ ಮೀನುಗಳು

ಸೊಸೆ ತವರಿನಿಂದ ಮೊಳದುದ್ದದ ಅರೋವಾನಾ ಮೀನು ತಂದಾಗ ಅತ್ತೆ ನಕ್ಕರು. ಹಾಲ್‌ನ ಗಾಜಿನ ತೊಟ್ಟಿಯಲ್ಲಿ ಆರು ವರ್ಷದಿಂದ ಅವರ ಆಸ್ಕರ್ ಮೀನಿನದೇ ದರ್ಬಾರು.

"ಒಂದೇ ತೊಟ್ಟೀಲಿ ಇಬ್ಬರು ಯಜಮಾನರು ಬಾಳಲ್ಲ ಕಣಮ್ಮ. ನಾಳೆ ಬೆಳಗ್ಗೆ ನಿನ್ನ ಮೀನಿಗೆ ಬಾಲ ಇರಲ್ಲ, ನೋಡ್ತಿರು!"

ಮದುವೆಯಾಗಿ ಮೂರು ತಿಂಗಳಾದರೂ ಸೊಸೆಯ ಕೈಗೆ ಸೌಟು ಕೊಡದ ಅತ್ತೆಗೆ ಈ ವಿಷಯದಲ್ಲಿ ಒಳ್ಳೆಯ ಅನುಭವವಿತ್ತು.

ಸೊಸೆ ಮೀನಿನಂಗಡಿಯವನ ಮೂಗುದನಿಯನ್ನು ಹಾಗೇ ಅನುಕರಿಸಿದಳು: "ಒಳಗಿರೋ ಕಲ್ಲು, ಗಿಡ ಎಲ್ಲಾ ಜಾಗ ಬದಲಾಯಿಸ್ಬಿಡಿ ಮೇಡಂ. ತನ್ನ ಏರಿಯಾ ಯಾವುದೂಂತ ಹಳೇ ಮೀನಿಗೆ ತಿಳಿಯಲ್ಲ. ಜೋರು ತಾನಾಗೇ ಇಳಿಯುತ್ತೆ!"

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಸೊಸೆ ಹಾಗೇ ಮಾಡಿದಳು; ಸಂಜೆಯ ಹೊತ್ತಿಗೆ ಆಸ್ಕರ್ ಮೂಲೆಯಲ್ಲಿ ಪೆಚ್ಚಾಗಿ ನಿಂತಿತ್ತು, ಅರೋವಾನಾ ಮೇಲೆ ಠೀವಿಯಿಂದ ತೇಲುತ್ತಿತ್ತು.

"ನನ್ನ ಹುಲಿ ಇಷ್ಟಕ್ಕೇ ಇಲಿಯಾಯ್ತಲ್ಲ!" ಎಂದು ಗೊಣಗುತ್ತ ಅತ್ತೆ ಎರಡು ದಿನದ ಮಟ್ಟಿಗೆ ತಂಗಿಯ ಮನೆಗೆ ಹೋದರು.

ಮರಳಿ ಬಂದವರೇ ಕಾಫಿ ಮಾಡಲು ಅಡುಗೆಮನೆಗೆ ನುಗ್ಗಿದರು. ಒಂದು ಡಬ್ಬ ತೆರೆದರು, ಇನ್ನೊಂದು ತೆರೆದರು, ಮೇಲಿನ ಶೆಲ್ಫನ್ನೆಲ್ಲ ತಡಕಾಡಿದರು. ಕೊನೆಗೆ ಬಾಗಿಲಿಗೆ ಬಂದು, ಮೆಲ್ಲಗೆ ಕೇಳಿದರು:

"ಕಾಫಿಪುಡಿ ಎಲ್ಲಿಟ್ಟಿದ್ದೀಯಮ್ಮಾ?"