ಸಿಪ್ಪೆಯ ಸರಾಸರಿ

ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ತಳ್ಳುಗಾಡಿಯಿಂದ ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಈಗಲೂ ನನ್ನ ಕೈ ಒಂದು ದಾರ ಹುಡುಕುತ್ತದೆ.

ಶಾಲೆಗೆ ಹೋಗುತ್ತಿದ್ದಾಗ ಒಂದು ಭಾನುವಾರ ಕಲಬುರಗಿಯಿಂದ ಕಮಲಾಪುರದ ಅಜ್ಜಿಯ ಮನೆಗೆ ಬಂದಿದ್ದೆ. ಒಂದೇ ಜಾತಿಯ ವಸ್ತುಗಳ ಉದ್ದ ಅಳೆದು ಸರಾಸರಿ ತೆಗೆಯುವುದು ಶಾಲೆಯ ಮನೆಗೆಲಸ. ಹಿಂದಿನ ಲೆಕ್ಕ ತಪ್ಪಿ ತರಗತಿಯೆದುರು ನಿಂತಿದ್ದೆ. ಈ ಸಲ ಬಿಡುವವಳಲ್ಲ. ಅಜ್ಜಿ ತಂದಿಟ್ಟಿದ್ದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಆರಿಸಿದೆ. ಬಾಗಿದ ಹಣ್ಣಿಗೆ ಅಳತೆಪಟ್ಟಿ ಒಗ್ಗಲಿಲ್ಲ. ದಾರ ತರಲು ಒಳಗೆ ಹೋದೆ.

ಬರುವಷ್ಟರಲ್ಲಿ ಪಕ್ಕದ ಮನೆಯ ಕಾಕಾ ತಮ್ಮ ಬೀಗರ ಜೊತೆ ಕಟ್ಟೆಯ ಮೇಲೆ ಕೂತು ನನ್ನ ದೊಡ್ಡ ಹಣ್ಣುಗಳನ್ನೇ ಸುಲಿಯುತ್ತಿದ್ದರು.

"ಆಯಿ, ಅವು ನನ್ನ ಲೆಕ್ಕದವು!" ಎಂದು ಅಜ್ಜಿಯ ಮೇಲೆ ರೇಗಿದೆ.

"ಮನಿಗಿ ಬಂದವರಿಗಿ ಹಂಗೇ ಕಳಸಾಕ ಬರ್ತದೇನವ್ವಾ? ನಿನಗ ಸಣ್ಣವು ಇಟ್ಟೀನಿ, ಅಳಿ."

"ಬರೀ ಸಣ್ಣವು ಅಳದ್ರ ಸರಾಸರಿ ಸುಳ್ಳಾಗ್ತದ."

ಕಟ್ಟೆಯೆದುರು ಗಟ್ಟಿಯಾಗಿ ಕೂತೆ. "ಕಾಕಾ, ಸಿಪ್ಪಿ ಒಗೀಬ್ಯಾಡ್ರಿ. ಅಳೀಬೇಕು."

ಬೀಗರು ನಕ್ಕರು. ಕಾಕಾ ಮಾತ್ರ ಸಿಪ್ಪೆಯನ್ನು ಮೊಣಕಾಲ ಮೇಲೆ ನೀಟಾಗಿ ಹಾಸಿ ಕೊಟ್ಟರು. ಅಂಟು ಬೆರಳಿನಲ್ಲೇ ದಾರ ಹಿಡಿದು ಒಂದೊಂದನ್ನೂ ಅಳೆದು ಬರೆದೆ. ಮನೆಯವರಿಗೆ ಉಳಿದ ಸಣ್ಣ ಹಣ್ಣುಗಳ ಸಿಪ್ಪೆಯನ್ನೂ ಬಿಡಲಿಲ್ಲ. ಎಲ್ಲರದೂ ಆದ ಮೇಲೆ ಆಯಿ ಕೊನೆಯದನ್ನು ತಿಂದಳು; ಅದರ ಸಿಪ್ಪೆಯನ್ನೂ ಅಳೆದೆ. ಕೂಡಿಸಿದೆ, ಭಾಗಿಸಿದೆ, ಅಳಿಸಿ ಮತ್ತೆ ಭಾಗಿಸಿದೆ. ಉತ್ತರ ಎರಡು ಸಲವೂ ಒಂದೇ ಬಂತು.

"ಬಂತು, ಆಯಿ! ಆದ್ರ ನಿಂದು ಎಲ್ಲಾದಕ್ಕಿಂತ ಗಿಡ್ಡ ಅದ."

ಆಯಿ ಸಿಪ್ಪೆಗಳನ್ನು ಬಾಚಿ ಅಂಗಳದಲ್ಲಿ ಕಟ್ಟಿದ್ದ ಆಡಿನ ಮುಂದೆ ಹಾಕಿದಳು.

"ಯಾರದರ ಒಂದು ಗಿಡ್ಡ ಇರಬೇಕಲ್ಲವ್ವಾ," ಅಂದಳು.